ಕುಂಭ ಹಿಡಿದ ಡೊಳ್ಳಿನ ತಂಡ

ಪೂರ್ಣಕುಂಭ ಕಂಡರೆ ಈಗ ನನಗಾಗದು. ಕುಂಭ ಏನು ಮಾಡೀತು, ಪಾಪ. ಒಂದು ಚೊಂಬು, ಒಂದು ತೆಂಗಿನಕಾಯಿ, ನಾಲ್ಕು ವೀಳ್ಯದೆಲೆ. ಅದನ್ನು ಹೆಂಗಸರ ಕೈಗೆ ಕೊಟ್ಟು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸುವ ಗಂಡಸರ ಮುಖ ನೆನಪಾಗಿ ವಾಕರಿಕೆ ಬರುತ್ತದೆ. ಮದುವೆಮನೆಯ ಬಾಗಿಲಲ್ಲಿ ಕಂಡರೂ ಬೇರೆ ಕಡೆ ನೋಡಿಕೊಂಡು ಒಳಗೆ ಹೋಗುತ್ತೇನೆ.

ನಾನು ಸೊರಬದವಳು. ಮದುವೆಯಾಗಿ ಶಿಕಾರಿಪುರಕ್ಕೆ ಬಂದು ಇಲ್ಲೇ ಬೇರು ಬಿಟ್ಟವಳು. ಮನೆಯ ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ. ಮನೆಯಲ್ಲಿ ಹಾರ್ಮೋನಿಯಂ ಇದೆ, ಮೇಲಾಗಿ ಹೆಂಗಸು ಎಂಬ ಎರಡು ಅರ್ಹತೆಗಳ ಮೇಲೆ ನನ್ನನ್ನು ನಮ್ಮೂರಿನ ಕಲಾ ಪರಿಷತ್ತಿಗೆ ಸೇರಿಸಿಕೊಂಡರು. ಎರಡು ತಾಲ್ಲೂಕಿನ ಕಲಾವಿದರಿಗೆ ಆಸರೆಯಾಗಬೇಕು ಅಂತ ಊರಿನ ನಾಲ್ಕಾರು ಉಳ್ಳವರು ಸೇರಿ ಕಟ್ಟಿಕೊಂಡ ಪರಿಷತ್ತು ಅದು. ಅಧ್ಯಕ್ಷರಿಗೆ ಅಕ್ಕಿ ಗಿರಣಿ ಇತ್ತು. ಕಾರ್ಯದರ್ಶಿಗೆ ಮೈಕ್ ಇತ್ತು. ಅಂದರೆ ಮೈಕ್ ಎಲ್ಲಿದ್ದರೂ ಅದು ತನ್ನದೇ ಎಂದು ತಿಳಿದುಕೊಂಡಿದ್ದ ಮನುಷ್ಯ.

ಸುಳ್ಳು ಹೇಳಬಾರದು, ಪರಿಷತ್ತು ಒಳ್ಳೆಯದನ್ನೂ ಮಾಡಿದೆ. ತಾಳಗುಂದದ ಆಚೆ ಒಂದು ಸಣ್ಣ ಊರಿನ ಹೆಂಗಸರು ಡೊಳ್ಳು ಕಲಿಯಬೇಕು ಎಂದಾಗ ಊರಿನವರು ಗುಡಿಯ ಡೊಳ್ಳನ್ನು ಮುಟ್ಟಲು ಬಿಡಲಿಲ್ಲ. ಅದು ದೇವರದು, ಗಂಡಸರು ಬಾರಿಸುವುದು ಎಂದರು. ನಾನು ಸಭೆಯಲ್ಲಿ ಎದ್ದು ಕೇಳಿದೆ. ಮಂಡಕ್ಕಿ, ಮೆಣಸಿನಕಾಯಿ ತಿನ್ನುತ್ತಿದ್ದ ಸಭೆ ಬಾಯಿ ತುಂಬಿಕೊಂಡೇ ತಲೆಯಾಡಿಸಿತು. ಹೊಸ ಡೊಳ್ಳುಗಳು ಬಂದವು, ಒಂದೇ ಬಣ್ಣದ ಸೀರೆಗಳು ಬಂದವು. ಆ ದಿನ ನನಗೆ ಅಧ್ಯಕ್ಷರ ಮೇಲೆ ಗೌರವ ಬಂದದ್ದು ನಿಜ. ಕೊಟ್ಟ ಸೀರೆ ಮುಂದೆ ಯಾತಕ್ಕೆ ಒದಗುತ್ತದೆ ಎಂದು ನಮಗ್ಯಾರಿಗೂ ಗೊತ್ತಿರಲಿಲ್ಲ.

ಆ ತಂಡ ಕಟ್ಟಿದವಳು ಗಂಡ ಸತ್ತ ಹೆಣ್ಣುಮಗಳು. ಜೋಳದ ಹೊಲದ ಕೆಲಸ, ಎರಡು ಎಮ್ಮೆ, ಒಬ್ಬ ಅತ್ತೆ, ಇದು ಅವಳ ಸಂಸಾರ. ತವರಿನಲ್ಲಿ ಅಪ್ಪ ಡೊಳ್ಳು ಬಾರಿಸುವುದನ್ನು ನೋಡಿ ನೋಡಿ ಅವಳ ಕೈಗೆ ತಾಳ ಬಂದುಬಿಟ್ಟಿತ್ತು. ಎಮ್ಮೆ ಹಾಲು ಕರೆಯುವಾಗಲೂ ಬಕೆಟ್ಟಿನ ಅಂಚಿಗೆ ಬೆರಳು ಬಡಿಯುತ್ತಿದ್ದಳಂತೆ. ಮೈದುನನ ಹೆಂಡತಿಯನ್ನೂ ತಂಡಕ್ಕೆ ಎಳೆದುಕೊಂಡಿದ್ದಳು. ನಾನು ಅವರ ಊರಿಗೆ ಅಭ್ಯಾಸ ನೋಡಲು ಹೋದಾಗಲೆಲ್ಲ ಅವಳು ಮಧ್ಯದಲ್ಲಿ ನಿಂತು ಕಣ್ಣಲ್ಲೇ ಗದರುತ್ತ ಎಲ್ಲರನ್ನೂ ಕುಣಿಸುತ್ತಿದ್ದಳು. ಮಾತು ಕಡಿಮೆ, ಆದರೆ ಹೆಜ್ಜೆ ತಪ್ಪಿದವರು ಆ ಕಣ್ಣಿಗೆ ಹೆದರುತ್ತಿದ್ದರು.

ಅಡ್ಡಗಾಲು ಹಾಕಿದ್ದು ಅತ್ತೆ. ಮುದುಕಿ ಶಾಸ್ತ್ರ ಸಂಪ್ರದಾಯದ ಮೂಟೆ. ಮನೆಯಲ್ಲಿ ಯಾರಾದರೂ ಬಾಯಿ ತಪ್ಪಿ ಅಪಶಕುನದ ಮಾತು ಆಡಿದರೆ ಸಾಕು, "ಬಿಡ್ತು ಅನ್ನು, ಬಿಡ್ತು ಅನ್ನು" ಎಂದು ಮೈಮೇಲೆ ಬೀಳುತ್ತಿದ್ದಳು. ಕಿರಿಸೊಸೆ ಬಾರಿಸಿದರೆ ಅವಳಿಗೆ ಅಷ್ಟು ಬೇಸರವಿಲ್ಲ. ಹಿರಿಸೊಸೆ ಬಾರಿಸುವುದೇ ಕಣ್ಣಿಗೆ ಮುಳ್ಳು.

"ಗಂಡ ಸತ್ತಾಕಿ ಸೊಂಟಕ್ಕ ಡೊಳ್ಳು ಕಟ್ಕೊಂಡು ಕುಣಿದ್ರ ಊರು ನಗಂಗಿಲ್ಲೇನ್ರಿ?" ಎಂದು ನನ್ನನ್ನೇ ಕೇಳಿದ್ದಳು.

"ನಗಲ್ಲ ಅಜ್ಜಿ. ಪರಿಷತ್ತಿನವರೇ ವೇದಿಕೆಗೆ ಕರೆದು ಮರ್ಯಾದೆಯಿಂದ ಬಾರಿಸ್ತಾರೆ, ಬಂದು ನೋಡಿ" ಎಂದೆ.

ಮುದುಕಿ ಬಹಳ ಹೊತ್ತು ಎಲೆ ಅಡಿಕೆ ಅಗಿದು ಕೊನೆಗೆ ತೀರ್ಪು ಕೊಟ್ಟಳು. "ಆತು. ಒಂದ್ಸಲ ಬಂದು ನೋಡ್ತೀನಿ. ನಾಕು ಮಂದಿ ಮುಂದ ಮರ್ಯಾದಿ ಉಳಿದ್ರ ಬಾರ್ಸ್ಲಿ. ಇಲ್ಲಾಂದ್ರ ಡೊಳ್ಳು ಅಟ್ಟ ಸೇರ್ತೈತಿ."

ಹಿರಿಸೊಸೆ ಬಾಗಿಲ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅವಳು ನನ್ನ ಕಡೆ ನೋಡಿ ಸುಮ್ಮನೆ ತಲೆಯಾಡಿಸಿದಳು. ಪರಿಷತ್ತಿನ ವಾರ್ಷಿಕೋತ್ಸವ ಹತ್ತಿರದಲ್ಲೇ ಇತ್ತು.

ಆಹ್ವಾನ ಪತ್ರಿಕೆ ಅಚ್ಚಾಗಿ ಬಂತು. ಘನ ಉಪಸ್ಥಿತಿ, ದಿವ್ಯ ಸಾನ್ನಿಧ್ಯ, ಅಧ್ಯಕ್ಷತೆ, ಉದ್ಘಾಟನೆ, ಮುಖ್ಯ ಅತಿಥಿ, ವಿಶೇಷ ಆಹ್ವಾನಿತರು ಎಂದು ಒಳಪುಟವೆಲ್ಲ ಹೆಸರು. ಕಟ್ಟಕಡೆಗೆ ಇರುವೆ ಸಾಲಿನಂಥ ಅಕ್ಷರದಲ್ಲಿ "ನಂತರ ಸಾಂಸ್ಕೃತಿಕ ಕಾರ್ಯಕ್ರಮ". ಕಲಾವಿದರಿಗಾಗಿ ಹುಟ್ಟಿದ ಪರಿಷತ್ತಿನಲ್ಲಿ ಕಲಾವಿದರು ಆ 'ನಂತರ'ದಲ್ಲಿ ಇದ್ದರು. ಅದೇ ದಿನ ನಾನು ರಾಜೀನಾಮೆ ಕೊಡಬಹುದಿತ್ತು, ಆದರೆ ಆ 'ನಂತರ'ದೊಳಗೇ ಹಿರಿಸೊಸೆಯ ಡೊಳ್ಳು ಇತ್ತಲ್ಲ, ಸುಮ್ಮನಿದ್ದೆ.

ವಾರ್ಷಿಕೋತ್ಸವ ಶಾಲೆಯೊಂದರ ಮೈದಾನದಲ್ಲಿ. ಹೆಂಗಸರು ಬೆಳಿಗ್ಗೆಯೇ ಗೂಡ್ಸ್ ಆಟೋದಲ್ಲಿ ಡೊಳ್ಳು ಹಾಕಿಕೊಂಡು ಬಂದರು. ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ತಲೆಗೆ ವಸ್ತ್ರ ಸುತ್ತಿದ್ದರು. ಮುದುಕಿಯೂ ಬಂದಿದ್ದಳು. ಗಂಟಿನಿಂದ ತೆಗೆದ ಸೀರೆಯ ಮಡಿಕೆ ಇನ್ನೂ ಹಾಗೇ ಇತ್ತು. ನಾನೇ ಕೈಹಿಡಿದು ಶಾಮಿಯಾನದ ಕೆಳಗೆ ಮುಂದಿನ ಸಾಲಿನಲ್ಲಿ ಕೂರಿಸಿದೆ. ಮದುವೆಗೆ ಹೆಣ್ಣು ನೋಡಲು ಬಂದವರ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು.

ಮುಖ್ಯ ಅತಿಥಿ ದೊಡ್ಡ ಗುತ್ತಿಗೆದಾರರು. ಶಾಮಿಯಾನದ ಖರ್ಚು ಅವರದು, ಆದ್ದರಿಂದ ಭಕ್ತಿಯೂ ಅವರ ಕಡೆಗೇ ಹರಿಯುತ್ತಿತ್ತು. ಕುಂಭ ಹಿಡಿಯಲು ಪ್ರತಿ ವರ್ಷ ಶಾಲೆಯ ಹುಡುಗಿಯರನ್ನು ನಿಲ್ಲಿಸುತ್ತಿದ್ದರು. ಈ ಸಲ ಮುಖ್ಯೋಪಾಧ್ಯಾಯಿನಿ ಆಗಲ್ಲ ಎಂದುಬಿಟ್ಟಿದ್ದರು, ಅವರ ಹೊಟ್ಟೆ ತಣ್ಣಗಿರಲಿ. ಕಾರ್ಯದರ್ಶಿ ಮೈದಾನದಲ್ಲಿ ಕಣ್ಣಾಡಿಸಿದ. ಒಂದೇ ಬಣ್ಣದ ಸೀರೆಯ ಸಾಲು ಅವನ ಕಣ್ಣಿಗೆ ಬಿತ್ತು.

ನನ್ನನ್ನು ಕೇಳಲಿಲ್ಲ, ತಂಡದವರನ್ನೂ ಕೇಳಲಿಲ್ಲ. ನೇರ ಮೈಕಿಗೆ ಹೋದ.

"ಡೊಳ್ಳು ತಂಡದ ಮುತ್ತೈದೆಯರು ದಯವಿಟ್ಟು ಗೇಟಿನ ಹತ್ತಿರ ಬರಬೇಕು. ಕಚ್ಚೆ ಬಿಚ್ಚಿ ಸೀರೆ ಸರಿಯಾಗಿ ಉಟ್ಕೊಂಡು ಬರಬೇಕು. ಪೂರ್ಣಕುಂಭ ಇದೆ. ಮುತ್ತೈದೆಯರು ಮಾತ್ರ. ತಂಡದ ಮುಖ್ಯಸ್ಥೆಯವರು ಅತಿಥಿಗಳು ಒಳಗೆ ಬರೋ ತನಕ ಕಟ್ಟಡದ ಹಿಂದೆ ಇದ್ದು ಸಹಕರಿಸಬೇಕು ಅಂತ ವಿನಂತಿ."

ಸಹಕರಿಸಬೇಕಂತೆ. ಆ ಮಾತನ್ನು ಇವತ್ತಿಗೂ ಕೇಳಿದರೆ ನಾಲಿಗೆ ಕಹಿಯಾಗುತ್ತದೆ. ಒಬ್ಬಳ ಮುಖಕ್ಕೆ ಉಗುಳಿ, ಒರೆಸಿಕೊಂಡು ಸಹಕರಿಸಿ ಎಂದು ಕೈಮುಗಿಯುವ ಸಭ್ಯತೆ ಅದು. ಮೈದಾನದಲ್ಲಿ ಇದ್ದವರೆಲ್ಲ ತಿರುಗಿ ನೋಡಿದರು, ಯಾರದು ಆ ಮುಖ್ಯಸ್ಥೆ ಅಂತ. ನಾನು ಮುದುಕಿಯ ಕಡೆ ನೋಡುವ ಧೈರ್ಯ ಮಾಡಲಿಲ್ಲ.

ಅಧ್ಯಕ್ಷರ ಮೇಲೆ ಹರಿಹಾಯ್ದೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಅವರು ಹೆಗಲ ಮೇಲಿನ ಶಾಲು ಸರಿಮಾಡಿಕೊಂಡು ನಕ್ಕರು. "ಮೇಡಂ, ನಾವೇನು ಅವರನ್ನ ಬ್ಯಾಡ ಅಂದ್ವಾ? ಸ್ವಲ್ಪ ಹೊತ್ತು ಮರೆಯಾಗಿರ್ರಿ ಅಂದ್ವಿ, ಅಷ್ಟೇ. ಶುಭಕಾರ್ಯ ನೋಡ್ರಿ. ಆಮೇಲೆ ಡೊಳ್ಳು ಐತಲ್ಲ."

"ಡೊಳ್ಳು ಶುಭ ಅಲ್ವಾ?" ಎಂದೆ. ಅವರು ಅಷ್ಟರಲ್ಲಿ ಹೂವಿನ ಹಾರದವನನ್ನು ಗದರಿಸಲು ಹೋಗಿಯಾಗಿತ್ತು. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣವಾದರೂ ಕಿವಿ ಆಡಿಸುತ್ತದೆ.

ತಂಡದ ಹೆಂಗಸರು ಕದಲದೆ ನಿಂತಿದ್ದರು. ಅವರನ್ನು ಕಳಿಸಿದ್ದು ಹಿರಿಸೊಸೆಯೇ. "ಹಿಡೀರಿ ಹೋಗ್ರೇ. ಇಲ್ಲಾಂದ್ರ ಡೊಳ್ಳಿಗೆ ಕೊಕ್ಕಿ ಹಾಕ್ತಾರ" ಎಂದಳು. ಅವರು ಕಚ್ಚೆ ಬಿಚ್ಚಿ, ನೆರಿಗೆ ಹಿಡಿದು, ಕಣ್ಣು ಕೆಳಗೆ ಮಾಡಿಕೊಂಡು ಗೇಟಿಗೆ ಹೋದರು. ಅವಳು ಕಟ್ಟಡದ ಹಿಂದಕ್ಕೆ ಹೋದಳು.

ನಾನೂ ಹಿಂದೆ ಹೋದೆ. ಅಳುತ್ತಿರುತ್ತಾಳೆ, ಸಮಾಧಾನ ಹೇಳೋಣ ಎಂದುಕೊಂಡಿದ್ದೆ. ಅವಳು ಡೊಳ್ಳುಗಳನ್ನೆಲ್ಲ ನೆರಳಿನಿಂದ ಹೊರಗೆ ಉರುಳಿಸಿ, ಒಂದೊಂದನ್ನೇ ಬಿಸಿಲಿಗೆ ತಿರುಗಿಸಿ ಇಡುತ್ತಿದ್ದಳು.

"ಚರ್ಮ ನೆಳ್ಳಾಗ ಇದ್ರ ಸಡ್ಲ ಆಗ್ತೈತ್ರಿ ಟೀಚರ್. ನಮ್ ಪಾಳಿ ಬಂದಾಗ ದನಿ ಏಳಬೇಕಲ್ಲ" ಎಂದಳು. ಆಮೇಲೆ ಕೇಳಿದಳು, "ಅತ್ತಿ ಕೇಳಿಸ್ಕೊಂಡ್ರಾ?"

"ಮೈಕ್‌ನಲ್ಲಿ ಹೇಳಿದ್ದು ಯಾರಿಗೆ ಕೇಳಿಸಲ್ಲ?" ಎಂದೆ. ಅವಳು ಇನ್ನೊಂದು ಡೊಳ್ಳು ತಿರುಗಿಸಿದಳು.

ಗುತ್ತಿಗೆದಾರರು ಊಟದ ಹೊತ್ತಿಗೆ ಬಂದರು. ಅಲ್ಲಿಯವರೆಗೂ ಹೆಂಗಸರು ಗೇಟಿನಲ್ಲಿ ಬಿಸಿಲು ಕುಡಿಯುತ್ತ ನಿಂತಿದ್ದರು. ಕಾರಿನಿಂದ ಇಳಿದ ಮನುಷ್ಯ ಕಿವಿಗೆ ಫೋನ್ ಹಿಡಿದುಕೊಂಡೇ ಕುಂಭಗಳ ನಡುವೆ ನಡೆದು ಹೋದ, ಒಂದು ಕಾಯನ್ನೂ ನೋಡಲಿಲ್ಲ. ಮೇಲೆ ಹತ್ತಿ, ಹೆಣ್ಣೇ ಈ ನಾಡಿನ ಶಕ್ತಿ, ಜನಪದವೇ ನಮ್ಮ ಉಸಿರು ಎಂದು ಭಾಷಣ ಮಾಡಿದ. ಚಪ್ಪಾಳೆ ಬಿತ್ತು. ಸನ್ಮಾನದ ಮೇಲೆ ಸನ್ಮಾನ ನಡೆಯಿತು. ಹೊದಿಸುವವರೂ ಹೊದಿಸಿಕೊಳ್ಳುವವರೂ ಪರಿಷತ್ತಿನವರೇ. ಹಣ್ಣಿನ ಬುಟ್ಟಿಗಳು ವೇದಿಕೆಯ ಎಡಗಡೆಯಿಂದ ಬಲಗಡೆಗೆ ಹೋದವು, ಅಷ್ಟೇ. ಅತಿಥಿ ಎದ್ದ ಕೂಡಲೇ ಸಭೆಯೂ ಎದ್ದು ಊಟದ ಚಪ್ಪರಕ್ಕೆ ನುಗ್ಗಿತು.

ಹೆಂಗಸರು ಮತ್ತೆ ಕಚ್ಚೆ ಹಾಕಿ ಡೊಳ್ಳು ಕಟ್ಟಿಕೊಂಡು ಬರುವಷ್ಟರಲ್ಲಿ ಖಾಲಿ ಕುರ್ಚಿಗಳು. ಮುದುಕಿ ಮಾತ್ರ ತನ್ನ ಜಾಗದಿಂದ ಅಲುಗಾಡದೆ ಕೂತಿದ್ದಳು. ಶಾಮಿಯಾನದವರು ಹಿಂದಿನ ಸಾಲಿನಿಂದ ಕುರ್ಚಿ ಎತ್ತಲು ಶುರುಮಾಡಿದ್ದರು. ಕಾರ್ಯದರ್ಶಿ ಎಲ್ಲಿಂದಲೋ ಫೋಟೋದವನನ್ನು ಎಳೆದುಕೊಂಡು ಬಂದ. ಈಗ ಹಿರಿಸೊಸೆಯನ್ನೂ ಕೈಬೀಸಿ ಕರೆದ, ಮಧ್ಯದಲ್ಲೇ ನಿಲ್ಲಿಸಿದ. ಅತಿಥಿ ಹೋಗಿಯಾಗಿತ್ತಲ್ಲ, ಅವಳ ಅಶುಭವೂ ಜೊತೆಗೇ ಕಾರು ಹತ್ತಿ ಹೋಗಿತ್ತು.

"ಟೈಮ್ ಇಲ್ರಮ್ಮ. ಬಾರ್ಸೋದು ಬ್ಯಾಡ. ಬಾರ್ಸೋ ಥರ ಕೋಲು ಎತ್ತಿ ಹಂಗೇ ನಿಲ್ರಿ. ಒಂದು ಫೋಟೋ ಸಾಕು, ವರದಿಗೆ ಬೇಕು" ಎಂದ.

ಅವರು ಕೋಲು ಎತ್ತಿ ನಿಂತರು. ಬಿಸಿಲಿಗೆ ಕಾದು ಹದವಾದ ಡೊಳ್ಳುಗಳು, ಎತ್ತಿದ ಕೈಗಳು, ಒಂದು ಸದ್ದೂ ಇಲ್ಲ. ನಾನು ನೋಡಲಾರದೆ ಮುಖ ತಿರುಗಿಸಿದೆ. ಇಷ್ಟು ಹೇಸಿಗೆ ನನಗೆ ಮೋರಿ ಕಂಡಾಗಲೂ ಆದದ್ದಿಲ್ಲ.

ಆಗ ಹಿಂದಿನಿಂದ ಗಂಟಲು ಹರಿಯುವಂಥ ಕೂಗು ಬಂತು.

"ಬಾರ್ಸೇ!"

ಮುದುಕಿ ಎದ್ದು ನಿಂತಿದ್ದಳು. "ಏನ್ ನೋಡ್ತೀ? ಬಾರ್ಸಾಕ ಬಂದೀಯೋ, ಗೊಂಬಿಯಂಗ ನಿಲ್ಲಾಕ ಬಂದೀಯೋ? ಬಾರ್ಸು!"

ಹಿರಿಸೊಸೆಯ ಕೋಲು ಬಿತ್ತು. ಅದರ ಹಿಂದೆಯೇ ಉಳಿದವರದು. ಶಾಮಿಯಾನದವರು ಕುರ್ಚಿ ಹಿಡಿದುಕೊಂಡೇ ನಿಂತರು. ಅಡುಗೆಯವನು ಸೌಟು ಹಿಡಿದು ಹೊರಗೆ ಬಂದ. ಊಟದ ಎಲೆ ಮುಂದೆ ಕೂತಿದ್ದ ಅಧ್ಯಕ್ಷರು ದೂರದಿಂದಲೇ ಸಾಕು ಸಾಕು ಎಂದು ಎಂಜಲು ಕೈ ಆಡಿಸಿದರು. ಯಾರೂ ಆ ಕಡೆ ನೋಡಲಿಲ್ಲ. ಅವಳು ಕಲಿಸಿದ್ದನ್ನೆಲ್ಲ, ಒಂದು ಹೆಜ್ಜೆಯನ್ನೂ ಬಿಡದೆ, ಕೊನೆಯವರೆಗೆ ಬಾರಿಸಿ ನಿಲ್ಲಿಸಿದರು. ಮುದುಕಿ ಚಪ್ಪಾಳೆ ತಟ್ಟಲಿಲ್ಲ, ಸುಮ್ಮನೆ ಸೆರಗಿನಿಂದ ಮುಖ ಒರೆಸಿಕೊಂಡಳು.

ಆಟೋ ಹತ್ತಿಸುವಾಗ ನಾನು ಅವಳಿಗೆ, "ಅಜ್ಜಿ, ಮರ್ಯಾದೆ ಉಳಿಸ್ತೀವಿ ಅಂದಿದ್ದೆ. ನನ್ನ ಮಾತು ಉಳೀಲಿಲ್ಲ" ಎಂದೆ.

"ನಿಂದೇನ್ ಐತಿ ತಗೋ, ತಂಗಿ" ಎಂದಳು. ಡೊಳ್ಳುಗಳ ನಡುವೆ ಜಾಗ ಮಾಡಿ ಕೂತು, "ನಾನೂ ಅದನ್ನ ಅಂದಾಕೀನ. ಮನಿಯಾಗ ಅಂದಿದ್ದೆ, ನಾಕು ಗ್ವಾಡಿ ಒಳಗ. ಇವ್ರು ಮೈಕ್ ಹಚ್ಚಿ ಅಂದ್ರು. ಹೊರಗ್ನಿಂದ ಕೇಳಿದಾಗ ಎಷ್ಟು ಹೊಲಸು ಐತಿ ಅಂತ ತಿಳೀತು" ಎಂದಳು. ಆಟೋ ಹೊರಟಿತು.

ಪರಿಷತ್ತಿನ ವಾರ್ಷಿಕ ವರದಿ ಬಂತು. ಡೊಳ್ಳಿನ ಫೋಟೋದಲ್ಲಿ ಕೈಗಳೆಲ್ಲ ಕಲಸಿಹೋಗಿದ್ದವಂತೆ, ಅದನ್ನು ಹಾಕಿರಲಿಲ್ಲ. ಗೇಟಿನಲ್ಲಿ ಕುಂಭ ಹಿಡಿದು ನಿಂತವರ ಚಿತ್ರ ಹಾಕಿ, ಕೆಳಗೆ "ಮಹಿಳಾ ಡೊಳ್ಳು ತಂಡಕ್ಕೆ ಪರಿಷತ್ತಿನ ಪ್ರೋತ್ಸಾಹ" ಎಂದು ಬರೆದಿದ್ದರು. ಆ ಚಿತ್ರದಲ್ಲಿ ಡೊಳ್ಳೂ ಇಲ್ಲ, ತಂಡ ಕಟ್ಟಿದವಳೂ ಇಲ್ಲ. ಇದಕ್ಕಿಂತ ನಿಜವಾದ ವರದಿಯನ್ನು ಅವರು ಬರೆಯಲಾರರು ಎನ್ನಿಸಿತು.

ಈ ವರ್ಷದ ಸಭೆಗೆ ನಾನು ರಾಜೀನಾಮೆ ಕೊಡಲೆಂದೇ ಹೋದೆ. ಮಂಡಕ್ಕಿಯ ತಟ್ಟೆ ಬಂದಿತ್ತು. ಮತ್ತೆ ಅತಿಥಿ, ಮತ್ತೆ ಸ್ವಾಗತ. "ಮೇಡಂ, ಆ ಡೊಳ್ಳಿನ ಹೆಂಗಸ್ರಿಗೆ ನೀವೇ ಹೇಳಿ" ಎಂದ ಕಾರ್ಯದರ್ಶಿ. ನನ್ನ ಬಾಯಿಂದ ಆ ಮಾತು ಬರಲ್ಲ ಎಂದೆ. ಅವನು ತಾನೇ ಫೋನ್ ಹಚ್ಚಿ, ಎಲ್ಲರಿಗೂ ಕೇಳಲೆಂದು ಮೇಜಿನ ಮೇಲಿಟ್ಟ. ಎತ್ತಿದ್ದು ಮುದುಕಿ. ಅವಳ ದನಿಯ ಹಿಂದೆ ಡೊಳ್ಳು ಕೇಳಿಸುತ್ತಿತ್ತು, ಅಭ್ಯಾಸ ನಡೆದಿತ್ತು.

"ಅಮ್ಮಾ, ಪರಿಷತ್ತಿನಿಂದ ಮಾತಾಡ್ತಿದೀವಿ. ಸ್ವಾಗತಕ್ಕೆ ನಿಮ್ಮ ಕಡೆಯೋರು ಬೇಕಿತ್ತು. ಮುತ್ತೈದೆಯರು ಎಷ್ಟು ಮಂದಿ ಸಿಗ್ತಾರೆ?"

ಕಿರಿಮಗ ಗಟ್ಟಿಮುಟ್ಟಾಗಿ ಬದುಕಿರುವ ಮನೆ ಅದು. ಅವನ ಹೆಂಡತಿಯೂ ಆ ಹೊತ್ತಿನಲ್ಲಿ ಅಲ್ಲೇ ಬಾರಿಸುತ್ತಿದ್ದಿರಬೇಕು.

"ಮುತ್ತೈದೇರು ನಮ್ಮಲ್ಲಿ ಒಬ್ರೂ ಇಲ್ಲಪ್ಪ" ಎಂದಳು ಮುದುಕಿ. "ಡೊಳ್ಳು ಬಾರ್ಸೋರು ಅದಾರ. ಬೇಕಾದ್ರ ಹೇಳು."

ಮೇಜಿನ ಸುತ್ತ ಯಾರೋ "ಬಿಡ್ತು ಅನ್ನಿ" ಎಂದು ಗೊಣಗಿದರು. ಮುದುಕಿ ಅನ್ನಲಿಲ್ಲ.