ಮೌಲಾಸಾಬ ಮಾಸ್ತರರ ಮೂರನೇ ಭಾಗ

ಪಿಯಾನೋ ಮುಂದೆ ಕೂತಾಗಲೆಲ್ಲ ಮೌಲಾಸಾಬ ಮಾಸ್ತರರು ಮೊದಲು ಒಂದು ದೊಡ್ಡ ನಿಟ್ಟುಸಿರು ಬಿಡುತ್ತಿದ್ದರು, ದಿನವಿಡೀ ಹೊಲದಲ್ಲಿ ದುಡಿದು ಬಂದವರ ಹಾಗೆ. ಆಮೇಲೆ ಟೊಪ್ಪಿಗೆ ತೆಗೆದು ಪಿಯಾನೋ ಮೇಲಿಟ್ಟು ಬೆರಳು ಚಾಚುತ್ತಿದ್ದರು.

೧೯೮೦ರ ಆಸುಪಾಸಿನಲ್ಲಿ ಹುನಗುಂದದ ನಮ್ಮ ಶಾಲೆಯಲ್ಲಿ ಅವರು ಹಾಡು ಕಲಿಸುತ್ತಿದ್ದರು, ನಾನು ಇತಿಹಾಸ. ಯಾವುದೋ ಹಳೆಯ ಬಂಗಲೆಯಿಂದ ಬಂದಿದ್ದ ಪಿಯಾನೋ ನನ್ನ ವರ್ಗದ ಪಕ್ಕದ ಕೋಣೆಯಲ್ಲಿತ್ತು. ಧೂಳು, ಗೆದ್ದಲು ಸೇರಿ ಅದರ ನಡುವಿನ ಕೆಲವು ಕೀಗಳು ದನಿ ಕಳೆದುಕೊಂಡಿದ್ದವು.

ಒಂದು ದಿನ ಗೋಡೆಯಾಚೆಯಿಂದ ನನ್ನ ಪಾಠ ಕೇಳಿಸಿಕೊಂಡು ಬಂದರು. "ಅಕ್ಕೋರ, ಬರೇ ಯುದ್ಧ ಕಲಸ್ತೀರಿ. ಮನುಷ್ಯಾರು ಅಷ್ಟ ಮಾಡ್ಯಾರೇನ್ರಿ?"

ಅವತ್ತಿನಿಂದ ಮಾಸ್ತರರಿಗೆ ಮನುಷ್ಯಕುಲದ ಮೇಲೆ ಪಿಯಾನೋದಲ್ಲಿ ಒಂದು ದೊಡ್ಡ ಕೃತಿ ಕಟ್ಟುವ ಹುಚ್ಚು ಹತ್ತಿತು. ಮೂರು ಭಾಗ: ಹಸಿವು, ಸಿಟ್ಟು, ಕ್ಷಮೆ. ಹಸಿವು ಒಂದೇ ಬೇಸಿಗೆಯಲ್ಲಿ ಮುಗಿಯಿತು. ಸಿಟ್ಟು ಅದಕ್ಕಿಂತ ಬೇಗ. ಅದನ್ನು ಬಾರಿಸಿದ ದಿನ ನನ್ನ ವರ್ಗದ ಹುಡುಗಿಯರು ಬರೆಯುವುದನ್ನು ಬಿಟ್ಟು ಕೂತಿದ್ದರು. ಕ್ಷಮೆ ಮಾತ್ರ ವರ್ಷಗಳು ಕಳೆದರೂ ಬರಲಿಲ್ಲ.

"ಈ ಸತ್ತ ಕೀಗಳ ಕಾಟ ನೋಡ್ರಿ. ಕ್ಷಮಾ ಎಲ್ಲಾ ನಡುವಿನ ಸ್ವರದಾಗ ಐತಿ" ಎನ್ನುತ್ತಿದ್ದರು. ಕೇಳಿ ಕೇಳಿ ನನಗೂ ಸಾಕಾಗಿತ್ತು.

ಇಳಕಲ್ಲಿನಲ್ಲಿ ಅವರಿಗೊಬ್ಬ ತಮ್ಮನಿದ್ದ, ಸೀರೆ ನೇಯುವವನು. ಅಪ್ಪನ ಹಾರ್ಮೋನಿಯಂ ಅನ್ನು ಒಂದು ಮಾತೂ ಕೇಳದೆ ಮಾರಿದನೆಂದು ಮಾಸ್ತರರು ಅವನ ಜೊತೆ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಹೆಸರೆತ್ತಿದರೆ, "ಆಂವಾ ನನ್ನ ಪಾಲಿಗೆ ಇಲ್ರಿ" ಅಷ್ಟೇ.

ಕೊನೆಗೊಮ್ಮೆ ಹುಬ್ಬಳ್ಳಿಯಿಂದ ಯಾರೋ ಬಂದು ಪಿಯಾನೋ ರಿಪೇರಿ ಮಾಡಿದರು. ಎಲ್ಲ ಕೀಗಳೂ ನುಡಿದವು. ಮಾಸ್ತರರು ಸಂಜೆಯವರೆಗೆ ಕೂತರು. ಬೆರಳಿಗೆ ಬಂದದ್ದೆಲ್ಲ ಸಿಟ್ಟೇ. ಮುಚ್ಚಳ ಹಾಕಿ, "ಇನ್ನ ತಪ್ಪು ಯಾರ ಮ್ಯಾಲೆ ಹಾಕ್ಲಿ, ಅಕ್ಕೋರ?" ಎಂದರು. ಆ ರವಿವಾರ ಅವರು ಇಳಕಲ್ಲಿನ ಬಸ್ಸು ಹತ್ತಿದ ಸುದ್ದಿ ಆಮೇಲೆ ತಿಳಿಯಿತು.

ಬಾದಾಮಿಗೆ ವರ್ಗವಾಗಿ ನಾನು ಹೊರಟ ದಿನ ಅವರನ್ನು ಕಂಡದ್ದೇ ಕೊನೆ. ರಿಪೇರಿಯಾದ ಪಿಯಾನೋ ಮೇಲೆ ಆಗಲೇ ಧೂಳು ಕೂತಿತ್ತು.

"ತಮ್ಮನ ಕೂಡ ಏನ ಮಾತಾತ್ರಿ?" ಎಂದೆ.

"ಮಾತೇನಿಲ್ರಿ. ಚಾ ಮಾಡ್ಸಿದ. ಇಬ್ರೂ ಕುಡದ್ವಿ. ಬರೂ ಮುಂದ ಬಸ್‌ಸ್ಟ್ಯಾಂಡ್ ತನಕಾ ನನ್ನ ಚೀಲ ಹಿಡಕೊಂಡು ಬಂದ."

"ಹಂಗಾರ ಮೂರನೇದು ಸಿಕ್ಕಂಗಾತಲ್ರಿ. ಬಾರಸ್ರಿ, ಕೇಳಿ ಹೋಗ್ತೇನಿ."

ಅದೇ ದೊಡ್ಡ ನಿಟ್ಟುಸಿರು ಬಿಟ್ಟರು. "ಚಾ ಕುಡದಿದ್ದನ್ನ ಏನಂತ ಬಾರಸ್ಲಿ, ಅಕ್ಕೋರ?"

ಮುಚ್ಚಳ ತೆಗೆಯಲೇ ಇಲ್ಲ. ನಾನು ಬೇಡವೆಂದರೂ ಕೇಳದೆ ನನ್ನ ಚೀಲ ಎತ್ತಿಕೊಂಡು ಬಸ್ಸಿನವರೆಗೆ ಬಂದರು.