ಒಂಬತ್ತು ರ‍್ಯಾಕೆಟ್, ಮೇಲೆ ಮೂರನೇ ಒಂದು ಭಾಗ

ಸಫಿಯತ್ ಉಳ್ಳಾಲದವರು. ಹನ್ನೊಂದು ವರ್ಷಗಳಿಂದ ಸೌದಿಯ ರಾಬಿಗ್‌ನ ಖಾಸಗಿ ಪ್ರಯೋಗಾಲಯವೊಂದರಲ್ಲಿ ನೀರಿನ ಉಪ್ಪಿನಂಶ ಅಳೆಯುತ್ತಾರೆ. ಎಂಟು ವರ್ಷಗಳಿಂದ ತಮ್ಮ ವಸತಿ ಸಮುಚ್ಚಯದ ಟೆನಿಸ್ ಅಂಗಳದಲ್ಲಿ ಬೆಳಗ್ಗೆ ಆರರಿಂದ ಏಳರವರೆಗೆ ಆಡುತ್ತಾರೆ. ಆ ಒಂದು ಗಂಟೆ ಹೆಂಗಸರದು. ಉಳಿದ ಇಪ್ಪತ್ತಮೂರು ಗಂಟೆ ಎಲ್ಲರದು, ಅಂದರೆ ಗಂಡಸರದು.

ನವೆಂಬರಿನಲ್ಲಿ ಒಂದು ಬ್ರಿಟಿಷ್ ಸಂಸ್ಥೆಯವರು ಬರುವುದೆಂದಾಯಿತು. ಬ್ರಿಟನ್ನಿನ ಮಹಿಳಾ ಟೆನಿಸ್‌ಗೆ ಸಿಗಬೇಕಾದಷ್ಟು ಗಮನ ಸಿಗುತ್ತಿಲ್ಲವಂತೆ. ಅದನ್ನು ಹೆಚ್ಚಿಸಬೇಕಾದರೆ ರಾಬಿಗ್‌ಗೆ ಬರುವುದೇ ಸೂಕ್ತವೆಂದು ಅವರಿಗೆ ಹೊಳೆದಿತ್ತು. ಕ್ರೀಡಾ ಸಮಿತಿಯ ಅಧ್ಯಕ್ಷ ಮುನವ್ವರ್, ಭಟ್ಕಳದ ಅತ್ತರ್ ವ್ಯಾಪಾರಿ, ಮಹಿಳಾ ಟೆನಿಸ್‌ನ ಗೌರವಾರ್ಥ ಮೊದಲು ಮಹಿಳೆಯರನ್ನು ಅಂಗಳದಿಂದ ಹೊರಹಾಕಿದರು. ಹೊಸ ಬಣ್ಣ ಬಳಿಯಬೇಕಿತ್ತು, ಬಳಿದ ಬಣ್ಣ ಕೊಳೆಯಾಗಬಾರದಿತ್ತು. ಮೂರು ವಾರ ಬೀಗ.

ಜೊತೆಗೊಂದು ಸೂಚನೆ: ಪ್ರದರ್ಶನದ ದಿನ ಸ್ಥಳೀಯ ಮಹಿಳೆಯರು ತಲಾ ಹತ್ತು ಸರ್ವ್ ಮಾಡಬೇಕು. ಅರ್ಧದಷ್ಟೂ ಒಳಗೆ ಬೀಳದಿದ್ದರೆ ಬೆಳಗಿನ ಗಂಟೆ ಗಂಡಸರ ವ್ಯಾಯಾಮಕ್ಕೆ.

"ಮೂರು ವಾರ ಆಡದೆ ಸರ್ವ್ ಹೇಗೆ ಮಾಡುದು, ಮುನವ್ವರ್ ಭಾಯ್?" ಎಂದು ಕೇಳಿದರು ಸಫಿಯತ್.

"ರೆಸ್ಟ್ ಸಿಕ್ತಲ್ಲ ಮೇಡಂ, ಫ್ರೆಶ್ ಆಗಿ ಇರ್ತೀರಿ!"

ಆ ದಿನ ಬೇಲಿಗಿಂತ ಎತ್ತರದ ಬ್ಯಾನರ್ ಇತ್ತು. ಮಹಿಳಾ ಟೆನಿಸ್ ನೋಡಲು ಮೊದಲ ಮೂರು ಸಾಲು ಗಂಡಸರಿಂದ ತುಂಬಿತ್ತು. ಸಫಿಯತ್ ಉತ್ತರದ ಬದಿಯಿಂದ ಸರ್ವ್ ಮಾಡಿದರು. ಚೆಂಡು ಬಲೆ ದಾಟಿ ಆಚೆಯ ಸರ್ವ್ ಗೆರೆಯೊಳಗೆ ಬೀಳಬೇಕು. ಹತ್ತರಲ್ಲಿ ಎಂಟು ಗೆರೆ ದಾಟಿ ಹೊರಗೆ ಬಿದ್ದವು. ಜೊತೆಗಾತಿ ಹಫ್ಸಾಳವು ಒಂಬತ್ತು.

"ಪ್ರಯತ್ನ ಮುಖ್ಯ," ಎಂದರು ಮುನವ್ವರ್, ಮೈಕಿನಲ್ಲಿ.

ಆಮೇಲೆ ಬ್ರಿಟನ್ನಿನ ಆಟಗಾರ್ತಿ ಇಸೊಬೆಲ್. ಸರ್ವ್ ಮಾಡುವುದೇ ಆಕೆಯ ಹೊಟ್ಟೆಪಾಡು. ಹತ್ತರಲ್ಲಿ ಏಳು ಹೊರಗೆ. ಗಾಳಿಯ ತೇವಾಂಶವೇ ಇದಕ್ಕೆ ಕಾರಣವೆಂದು ಮುನವ್ವರ್ ಅವಳ ಕೋಚ್ ಹಾರ್ಕೋರ್ಟ್ ಎಂಬಾಕೆಗೆ ವಿನಯದಿಂದ ವಿವರಿಸಿದರು. ಮೊದಲಿನ ಇಬ್ಬರ ಪಾಲಿಗೆ ತೇವಾಂಶ ಇರಲಿಲ್ಲ.

ಮೂರು ಮಾದರಿಗಳು ಒಂದೇ ದಿಕ್ಕಿನಲ್ಲಿ ತಪ್ಪಿದರೆ ಸಫಿಯತ್ ಮಾದರಿಯನ್ನಲ್ಲ, ಉಪಕರಣವನ್ನು ಅನುಮಾನಿಸುತ್ತಾರೆ. ಅವರು ಗೆರೆಯನ್ನು ನೋಡಿದರು.

"ಇದನ್ನು ಅಳೀಬೇಕು. ಒಂದು ಟೇಪ್ ಕೊಡಿ."

"ಗೆಸ್ಟ್ ಎದುರು ಎಂತ ಟೇಪು? ಯಲ್ಲಾ, ಎಲ್ಲರೂ ಚಹಾಕ್ಕೆ!"

ಸಫಿಯತ್ ಬಲೆಯ ಬುಡದಲ್ಲಿ ಮಂಡಿಯೂರಿ ರ‍್ಯಾಕೆಟ್ ಮಲಗಿಸಿದರು. ಅದರ ಉದ್ದ ಅರವತ್ತೆಂಟೂವರೆ ಸೆಂಟಿಮೀಟರ್. ಗೆರೆ ಇರಬೇಕಾದ್ದು ಬಲೆಯಿಂದ ಆರು ಮೀಟರ್ ನಲವತ್ತರಲ್ಲಿ. ಅಂದರೆ ಒಂಬತ್ತು ರ‍್ಯಾಕೆಟ್, ಮೇಲೆ ಮೂರನೇ ಒಂದು ಭಾಗ. ಹಾರ್ಕೋರ್ಟ್ ಎದ್ದು ಬಂದು, ತಾನೂ ಮಂಡಿಯೂರಿ, ಪ್ರತಿ ರ‍್ಯಾಕೆಟ್ಟಿನ ತುದಿಗೆ ಬೆರಳಿಟ್ಟು ಗುರುತು ಹಿಡಿದಳು. ಅವಳು ಇಂಗ್ಲಿಷಿನಲ್ಲಿ ಎಣಿಸಿದಳು, ಸಫಿಯತ್ ಬ್ಯಾರಿಯಲ್ಲಿ. ಎಂಟೂವರೆ ದಾಟುವಷ್ಟರಲ್ಲಿ ಗೆರೆ ಬಂದುಬಿಟ್ಟಿತು. ಅರ್ಧ ಮೀಟರ್ ಕಡಿಮೆ.

ನಿರ್ವಹಣೆಯ ಹಸನಬ್ಬ, ಬಂಟ್ವಾಳದ ಹಿರಿಯರು, ಉಕ್ಕಿನ ಟೇಪ್ ಹಿಡಿದು ಬಂದರು. ಮುಖ ಬಾಡಿತ್ತು.

"ಇದರ ತುದಿ ಐವತ್ತು ಸೆಂಟಿ ತುಂಡಾಗಿದೆ ಮಗಳೇ. ಆಚೆ ಬದಿಗೆ ಕೂಡಿಸಿಯೇ ಅಳೆದೆ. ಈಚೆ ಬದಿ ಅಳೆಯುವಾಗ ಮುನವ್ವರ್ ಸಾಹೇಬ್ರು ಬ್ಯಾನರ್ ಸೊಟ್ಟ ಉಂಟು ಅಂತ ಕರೆದರು. ತಿರುಗಿ ಬಂದವನು ಕೂಡಿಸ್ಲಿಕ್ಕೆ ಮರೆತೆ."

"ಇಷ್ಟು ಜನರ ಎದುರು ಹೇಳ್ಬೇಕಿತ್ತಾ, ಹಸನಬ್ಬಾಕ?" ಎಂದರು ಮುನವ್ವರ್.

"ಅವರ ಸರ್ವ್ ತಪ್ಪು ಅಂತ ಹೇಳಿದ್ದೂ ಇಷ್ಟು ಜನರ ಎದುರೇ ಅಲ್ವಾ ಮಾರಾಯ್ರೆ."

ಸರಿಯಾದ ಜಾಗದಲ್ಲಿ ಬಿಳಿ ಅಂಟುಪಟ್ಟಿ ಹಚ್ಚಿ ಮತ್ತೆ ಸರ್ವ್ ಮಾಡಿಸಿದರು. ಸಫಿಯತ್ ಏಳು ಒಳಗೆ, ಹಫ್ಸಾ ಆರು, ಇಸೊಬೆಲ್ ಒಂಬತ್ತು. ತೇವಾಂಶ ಇದ್ದಷ್ಟೇ ಇತ್ತು.

ಮುನವ್ವರ್ ಸೋಲೊಪ್ಪುವವರಲ್ಲ. "ಮತ್ತೆ ಪೇಂಟ್ ಆಗ್ಬೇಕು. ಮೂರು ವಾರ ಬೀಗ."

"ಪೇಂಟ್ ನಾವು ಆಡಿ ಹೋದ ಮೇಲೆ ಹಚ್ಚಿ. ಮರುದಿನ ಆರು ಗಂಟೆಗೆ ಒಣಗಿರ್ತದೆ," ಎಂದರು ಸಫಿಯತ್. "ಸಂಜೆ ಆಡುವವರಿಗೆ ಒಂದು ದಿನ ರೆಸ್ಟ್ ಸಿಗ್ತದೆ. ಫ್ರೆಶ್ ಇರ್ತಾರೆ."

ಹಫ್ಸಾ ನಕ್ಕದ್ದು ಮೂರನೆಯ ಸಾಲಿಗೂ ಕೇಳಿಸಿತು.

ಸಮಿತಿಯ ವಾರ್ತಾಪತ್ರದಲ್ಲಿ ಇಬ್ಬರು ಹೆಂಗಸರು ಮಂಡಿಯೂರಿ ರ‍್ಯಾಕೆಟ್ ಜೋಡಿಸುವ ಚಿತ್ರ ಬಂತು. ಕೆಳಗೆ: 'ಅಧ್ಯಕ್ಷರ ಮೇಲ್ವಿಚಾರಣೆಯಲ್ಲಿ ಅಂಗಳದ ತಪಾಸಣೆ'.

ಪ್ರದರ್ಶನದ ಮರುದಿನ ಬೆಳಗ್ಗೆ ಆರಕ್ಕೆ ಐದು ನಿಮಿಷವಿರುವಾಗ ಹಸನಬ್ಬ ಬೀಗ ತೆಗೆದು ಕಾಯುತ್ತಿದ್ದರು. ಬಣ್ಣದ ಡಬ್ಬಿಯ ಪಕ್ಕದಲ್ಲಿ ಅದೇ ಟೇಪ್ ಇತ್ತು. ಅದರ ಮೇಲೆ ಸಫಿಯತ್, ಪ್ರಯೋಗಾಲಯದ ಶೀಷೆಗಳ ಮೇಲೆ ಬರೆಯುವ ಅದೇ ಅಚ್ಚುಕಟ್ಟಾದ ಅಕ್ಷರದಲ್ಲಿ, '+೫೦' ಎಂದು ಬರೆದುಕೊಟ್ಟು ಆಡಲು ಹೋದರು.