ಮೂಗು ನನ್ನ ಕಡೆ ತಿರುಗಿದ ಹೆಲಿಕಾಪ್ಟರ್

ಅಂದು ಬೆಳಿಗ್ಗೆ ವಿಲೆ ಪಾರ್ಲೆಯ ನಮ್ಮ ಬಿಲ್ಡಿಂಗಿನ ಟೆರೇಸಿನಲ್ಲಿ ಎಂದಿನಂತೆ ಸೀರೆ ಒಣಹಾಕುತ್ತಿದ್ದೆ. ಹಡಗಿನಲ್ಲಿ ಕೆಲಸ ಮಾಡುವ ಮೈದುನ, ಎಷ್ಟೋ ಕಾಲ ಆಸೆಪಟ್ಟು ಪರದೇಶದಿಂದ ತಂದಿದ್ದ ರಿಮೋಟ್ ಹೆಲಿಕಾಪ್ಟರನ್ನು ಅಲ್ಲೇ ಹಾರಿಸುತ್ತಿದ್ದ. ಅದರ ಎಂಜಿನ್ನಿನ ಎಣ್ಣೆ ಸಿಡಿದು ಅವನ ಕನ್ನಡಕ ಪೂರ್ತಿ ಮಸುಕಾಯಿತು.

"ಅತ್ತಿಗೆ, ನಂಗೆ ಏನೂ ಕಾಣುದಿಲ್ಲ, ಹಿಡೀರಿ ಇದನ್ನು!" ಎಂದು ರಿಮೋಟಿನ ಪೆಟ್ಟಿಗೆಯನ್ನು ನನ್ನ ಕೈಗೆ ತುರುಕಿದ.

ಹೆಲಿಕಾಪ್ಟರ್ ಮೂಗನ್ನು ನನ್ನತ್ತ ತಿರುಗಿಸಿಕೊಂಡು, ಎಡಗಡೆಯ ಗೋಡೆ ದಾಟಿ ರಸ್ತೆಗೆ ಬೀಳುವಂತಿತ್ತು. ಗಾಬರಿಯಲ್ಲಿ ಪೆಟ್ಟಿಗೆಯ ಮೇಲಿನ ಕಡ್ಡಿಯನ್ನು ಬಲಕ್ಕೆ ಒತ್ತಿದೆ. ಅದು ಇನ್ನಷ್ಟು ಎಡಕ್ಕೇ ಸರಿಯಿತು!

"ಅಯ್ಯೋ, ಎಡಕ್ಕೇ ಹೋಗ್ತಾ ಉಂಟು!" ಎಂದೆ.

"ಮೂಗು ನಮ್ಮ ಕಡೆ ಇದ್ದರೆ ಎಲ್ಲ ಉಲ್ಟಾ, ಅತ್ತಿಗೆ! ಹೋಗುವ ಕಡೆಗೇ ಒತ್ತಿ!" ಕನ್ನಡಕ ಒರೆಸುತ್ತಲೇ ಅವನು ಕೂಗಿದ.

ಬೀಳುವುದನ್ನು ಬೀಳುವ ಕಡೆಗೇ ದೂಡುವುದೇ? ಅರ್ಥವಾಗದಿದ್ದರೂ ಎಡಕ್ಕೆ ಒತ್ತಿದೆ. ಅದು ಜಾಣ ಮಗುವಿನಂತೆ ಹಿಂದಿರುಗಿ, ಹಗ್ಗದ ಮೇಲಿದ್ದ ನನ್ನ ಒದ್ದೆ ಸೀರೆಗೆ ಸುತ್ತಿಕೊಂಡು ನಿಂತಿತು. ಸೀರೆ ಹರಿಯಿತು, ಹೆಲಿಕಾಪ್ಟರ್ ಉಳಿಯಿತು.

ಸಂಜೆ ಪಕ್ಕದ ಮನೆಯ ಧಾರವಾಡದ ಗಂಗಕ್ಕನಿಗೆ ಇದನ್ನೆಲ್ಲ ಹೇಳಿದೆ. ಅಕ್ಕಿ ಆರಿಸುತ್ತಲೇ ಅವರೆಂದರು: "ಅದ್ರಾಗೇನೈತ್ರಿ? ದಿನಾ ಕನ್ನಡಿ ನೋಡಿ ಬೈತಲಿ ತಗೀತೀರಲ್ಲ, ಹಂಗ!" ಅಂದಿನಿಂದ ಬಾಚಣಿಗೆ ಹಿಡಿದ ಕೈ ಕನ್ನಡಿಯೆದುರು, ಎಡ ಯಾವುದು ಬಲ ಯಾವುದು ಎಂದು ಒಂದು ಕ್ಷಣ ತಡವರಿಸುತ್ತದೆ.